ಹಳೆ ಗೇಮಿಂಗ್ ಪಿಸಿ, ಕೈಯಲ್ಲಿ ಸ್ವಲ್ಪವೇ ದುಡ್ಡು: ಪದೇ ಪದೇ ಕೇಳೋ ಪ್ರಶ್ನೆಗಳು

ಕಸಿನ್‌ಗಳು, ಆಫೀಸಿನ ಹುಡುಗರು, ಊರಲ್ಲಿ ಪಕ್ಕದ ಮನೆ ಪಿಯುಸಿ ಹುಡುಗ, ಎಲ್ರೂ ಫೋನ್ ಮಾಡಿ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಅದಕ್ಕೆ ಎಲ್ಲಾ ಒಂದ್ ಕಡೆ ಬರೆದಿಡ್ತಿದೀನಿ. ಇದ್ರಲ್ಲಿ ಎರಡು ಪಿಸಿ ಮಾತು ಮತ್ತೆ ಮತ್ತೆ ಬರತ್ತೆ. ಒಂದು ನಂದು, 2017ರಲ್ಲಿ ಕಟ್ಟಿದ್ದು, ರೈಜನ್ 5 1600 ಪ್ರೊಸೆಸರ್, ಬಿ350 ಮದರ್‌ಬೋರ್ಡು (ಮುಂದೆ ಬರೀ ಬೋರ್ಡು ಅಂತೀನಿ), ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡು. ಇನ್ನೊಂದು ಶಿವಮೊಗ್ಗದಲ್ಲಿರೋ ನಮ್ಮಕ್ಕನ ಮಗಂದು, ಐ5 4460, ಎಚ್81 ಬೋರ್ಡು, 8 ಜಿಬಿ ಡಿಡಿಆರ್3, ಜಿಟಿಎಕ್ಸ್ 750 ಟಿಐ, 1 ಟಿಬಿ ಹಾರ್ಡ್ ಡಿಸ್ಕು. ಎರಡೂ ಇವತ್ತಿಗೂ ಓಡ್ತಿವೆ, ಒಳಗಿನ ಸಾಮಾನು ಬದಲಾಗಿದೆ ಅಷ್ಟೇ.

ನನ್ನ ಪಿಸಿ ಎಂಟ್ಹತ್ತು ವರ್ಷ ಹಳೇದು. ಅಪ್‌ಗ್ರೇಡ್ ಮಾಡ್ಲಾ, ಹೊಸದೇ ತಗೊಳ್ಲಾ?

ಇದಕ್ಕೆ ಉತ್ತರ ನಿಮ್ಮ ಬೋರ್ಡ್ ಹೇಳತ್ತೆ. ಆ ಬೋರ್ಡಿಗೆ ಈಗಿರೋದಕ್ಕಿಂತ ನಿಜವಾಗ್ಲೂ ಜೋರಾಗಿರೋ ಪ್ರೊಸೆಸರ್ ಕೂರತ್ತಾ, ಕೂರಲ್ವಾ ಅಂತ ನೋಡಿ. ಎಎಮ್4 ಬೋರ್ಡ್ (ಎಎಮ್‌ಡಿ ರೈಜನ್ ಪ್ರೊಸೆಸರ್ ಕೂರೋ ಸಾಕೆಟ್ ಇರೋದು) ಇದ್ರೆ ಕಣ್ಣು ಮುಚ್ಕೊಂಡು ಅಪ್‌ಗ್ರೇಡ್ ಮಾಡಿ, ಆ ಸಾಕೆಟ್‌ನಷ್ಟು ದಾರಿ ಉಳಿದಿರೋದು ಬೇರೆ ಯಾವ ಹಳೆ ಸಾಕೆಟ್‌ನಲ್ಲೂ ಇಲ್ಲ. ಇಂಟೆಲ್ ನಾಲ್ಕನೇ ಜನರೇಶನ್ ಅಥವಾ ಅದಕ್ಕಿಂತ ಹಳೇದಿದ್ರೆ ಬೋರ್ಡಿಗೆ, ರ್‍ಯಾಮಿಗೆ ಅಂತ ಜಾಸ್ತಿ ಸುರೀಬೇಡಿ, ಮುಂದೆ ಹೊಸ ಪಿಸಿಗೆ ಎತ್ಕೊಂಡು ಹೋಗೋಕೆ ಆಗೋ ಸಾಮಾನಿಗೆ ಮಾತ್ರ ಖರ್ಚು ಮಾಡಿ. ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕೋ ಫಾಸ್ಟ್ ಡಿಸ್ಕು), ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ), ಮಾನಿಟರ್ ಇವೆಲ್ಲ ನಾಳೆ ಹೊಸ ಬೋರ್ಡ್ ಬಂದ್ರೂ ಉಪಯೋಗಕ್ಕೆ ಬರ್ತವೆ, ಡಿಡಿಆರ್3 ರ್‍ಯಾಮ್ ಬರಲ್ಲ.

ಯಾವ ಪಾರ್ಟ್ ಪಿಸಿನ ಹಿಂದಕ್ಕೆ ಎಳೀತಿದೆ ಅಂತ ಹೇಗೆ ಗೊತ್ತಾಗತ್ತೆ?

ದಯವಿಟ್ಟು ಇದನ್ನ ಮಾಡದೆ ಅಂಗಡಿಗೆ ಹೋಗ್ಬೇಡಿ, ನಾನ್ ನೋಡಿರೋ ಹಾಗೆ ಜನ ದುಡ್ಡು ಕಳ್ಕೊಳ್ಳೋದೇ ಇಲ್ಲಿ. ಎಂಎಸ್‌ಐ ಆಫ್ಟರ್‌ಬರ್ನರ್ ಫ್ರೀ ಸಾಫ್ಟ್‌ವೇರ್, ಜೊತೆಗೆ ರಿವಾಟ್ಯೂನರ್ ಬರತ್ತೆ, ಹಾಕ್ಕೊಂಡು ಗೇಮ್ ಮೇಲೇನೇ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಎಷ್ಟು ಪರ್ಸೆಂಟ್, ಸಿಪಿಯುನ (ಪ್ರೊಸೆಸರ್‌ನ) ಒಂದೊಂದು ಥ್ರೆಡ್ (ಒಂದೇ ಹೊತ್ತಿಗೆ ಮಾಡೋ ಕೆಲಸದ ಒಂದೊಂದು ಸಾಲು) ಎಷ್ಟು ಪರ್ಸೆಂಟ್, ರ್‍ಯಾಮ್ ಎಷ್ಟು, ವಿರ್‍ಯಾಮ್ ಎಷ್ಟು (ಅದು ಕಾರ್ಡಿನ ಸ್ವಂತ ಮೆಮೊರಿ), ಟೆಂಪರೇಚರ್ ಎಷ್ಟು ಅಂತ ಕಾಣೋ ಹಾಗೆ ಮಾಡ್ಕೊಳ್ಳಿ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡತ್ತೆ ಅನ್ನೋ ಲೆಕ್ಕ) ಲಿಮಿಟ್, ಅದನ್ನ ಮಾನಿಟರ್‌ಗೆ ಕಟ್ಟಿಹಾಕೋ ವಿ-ಸಿಂಕ್ ಏನಾದ್ರೂ ಇದ್ರೆ ಆಫ್ ಮಾಡಿ, ಇಲ್ಲಾಂದ್ರೆ ಲೆಕ್ಕ ತಪ್ಪತ್ತೆ. ನೀವು ದಿನಾ ಆಡೋ ಗೇಮನ್ನೇ ಅರ್ಧ ಗಂಟೆ ಆಡಿ.

ಜಿಪಿಯು 95ರ ಮೇಲೆ ನಿಂತಿದ್ರೆ ನಿಮ್ಮ ಗ್ರಾಫಿಕ್ಸ್ ಕಾರ್ಡು ತನ್ನ ಕೈಲಾದಷ್ಟೂ ದುಡೀತಿದೆ, ಬದಲಾಯಿಸ್ಬೇಕಾಗಿರೋದು ಅದನ್ನ. ಜಿಪಿಯು ಐವತ್ತು ಅರವತ್ತರಲ್ಲಿ ಇದೆ, ಆದ್ರೂ ಗೇಮ್ ತಡವರಿಸ್ತಿದೆ ಅಂದ್ರೆ ಪ್ರೊಸೆಸರ್ ಕೆಲಸ ಕೊಡೋಕೆ ಆಗದೆ ಒದ್ದಾಡ್ತಿದೆ ಅಂತ. ಇಲ್ಲಿ ಒಟ್ಟು ಸಿಪಿಯು ಪರ್ಸೆಂಟ್ ನೋಡಿ ಮೋಸ ಹೋಗ್ಬೇಡಿ, ಹನ್ನೆರಡು ಥ್ರೆಡ್ಡಲ್ಲಿ ಎರಡು ಫುಲ್ ಆಗಿ ಮಿಕ್ಕಿದ್ದು ಸುಮ್ನೆ ಕೂತಿದ್ರೂ ಒಟ್ಟು ಲೆಕ್ಕ ಕಮ್ಮೀನೇ ತೋರ್ಸತ್ತೆ. ಡೌಟ್ ಇದ್ರೆ ಇನ್ನೊಂದು ಸುಲಭದ ಪರೀಕ್ಷೆ ಇದೆ, ರೆಸಲ್ಯೂಶನ್ನ 1080ಪಿ ಇಂದ 720ಪಿ ಗೆ ಇಳಿಸಿ ನೋಡಿ, ಎಫ್‌ಪಿಎಸ್ ಚೆನ್ನಾಗಿ ಏರಿದ್ರೆ ಗ್ರಾಫಿಕ್ಸ್ ಕಾರ್ಡ್ ಸಮಸ್ಯೆ, ಏರದೆ ಅಲ್ಲೇ ನಿಂತ್ರೆ ಪ್ರೊಸೆಸರ್ ಅಥವಾ ರ್‍ಯಾಮ್ ಸಮಸ್ಯೆ.

ಇಂಟರ್ನೆಟ್‌ನಲ್ಲಿ ಯಾವ ಪಾರ್ಟ್ ಹಿಂದಕ್ಕೆ ಎಳೀತಿದೆ ಅಂತ ಹೇಳೋ ಬಾಟಲ್‌ನೆಕ್ ಕ್ಯಾಲ್ಕ್ಯುಲೇಟರ್ ಇರತ್ತಲ್ಲ, ಅದನ್ನ ನಂಬ್ಬಹುದಾ?

ಬೇಡ. ಒಂದೊಂದು ಗೇಮಿಗೆ ಒಂದೊಂದು ಥರ ಇರತ್ತೆ, ವ್ಯಾಲರೆಂಟ್ ಪ್ರೊಸೆಸರ್ ತಿನ್ನತ್ತೆ, ಸೈಬರ್‌ಪಂಕ್ ಎರಡನ್ನೂ ತಿನ್ನತ್ತೆ, ಒಂದೇ ಪರ್ಸೆಂಟ್ ಹೇಳೋ ಕ್ಯಾಲ್ಕ್ಯುಲೇಟರ್‌ಗೆ ಅದು ಹೇಗೆ ಗೊತ್ತಾಗ್ಬೇಕು.

ದುಡ್ಡು ಹಾಕೋ ಮುಂಚೆ ಪುಕ್ಕಟೆಯಾಗಿ ಮಾಡ್ಬಹುದಾದ್ದು ಏನಾದ್ರೂ ಇದ್ಯಾ?

ತುಂಬಾ ಇದೆ. ಅಕ್ಕನ ಮಗನ ಪಿಸಿ ಸೈಡ್ ಪ್ಯಾನಲ್ ಬಿಚ್ಚಿದಾಗ ಪ್ರೊಸೆಸರ್ ಫ್ಯಾನ್ ಕೆಳಗಿನ ಹೀಟ್‌ಸಿಂಕೇ ಕಾಣ್ತಿರ್ಲಿಲ್ಲ, ಕಂಬಳಿ ತುಂಡು ಹಾಸಿದಂಗೆ ಬೂದು ಬಣ್ಣದ ಧೂಳು ಪದರ ಕಟ್ಟಿತ್ತು, ಬೆರಳಲ್ಲಿ ಒಂದು ಮೂಲೆ ಹಿಡಿದು ಎತ್ತಿದ್ರೆ ಇಡಿಯಾಗಿ ಎದ್ದು ಬಂತು. ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆ ಥರ ಉದುರ್ತಿತ್ತು. ಗೇಮ್ ಆಡುವಾಗ 96 ಡಿಗ್ರಿ ಹೋಗ್ತಿದ್ದ ಪ್ರೊಸೆಸರು ಕ್ಲೀನ್ ಮಾಡಿ ಹೊಸ ಪೇಸ್ಟ್ ಹಚ್ಚಿದ ಮೇಲೆ 68ರಲ್ಲಿ ನಿಂತ್ಕೊಳ್ತು, ಆಡ್ತಾ ಆಡ್ತಾ ಇದ್ದಕ್ಕಿದ್ದಂಗೆ ಗೇಮ್ ನಿಧಾನ ಆಗೋದು ಅವತ್ತೇ ನಿಂತೋಯ್ತು, ಯಾಕಂದ್ರೆ ಬಿಸಿ ಜಾಸ್ತಿ ಆದಾಗ ಪ್ರೊಸೆಸರ್ ತನ್ನನ್ನ ಕಾಪಾಡ್ಕೊಳ್ಳೋಕೆ ತಾನೇ ಸ್ಪೀಡ್ ಇಳಿಸ್ಕೊಳ್ತಿತ್ತು. ಪೇಸ್ಟಿಗೆ ಬಿದ್ದಿದ್ದು ಮುನ್ನೂರು ರೂಪಾಯಿ ಅಷ್ಟೇ.

ಕ್ಲೀನ್ ಮಾಡುವಾಗ ಪ್ಲಗ್ ತೆಗೀರಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಉಳಿದಿರೋ ಕರೆಂಟ್ ಹೋಗ್ಲಿ. ಬ್ಲೋಯರ್ ಹೊಡೆಯುವಾಗ ಫ್ಯಾನ್ ರೆಕ್ಕೆನ ಬೆರಳಲ್ಲಿ ಹಿಡ್ಕೊಳ್ಳಿ, ಗಾಳಿಗೆ ಸುಮ್ನೆ ತಿರುಗೋಕೆ ಬಿಟ್ರೆ ಬೇರಿಂಗ್ ಹಾಳಾಗತ್ತೆ. ಒದ್ದೆ ಬಟ್ಟೆ ಬೇಡವೇ ಬೇಡ. ಎಎಮ್4ನಲ್ಲಿ ಹೀಟ್‌ಸಿಂಕ್ ನೇರ ಮೇಲಕ್ಕೆ ಎಳೆದ್ರೆ ಒಣಗಿದ ಪೇಸ್ಟಿಗೆ ಅಂಟ್ಕೊಂಡು ಪ್ರೊಸೆಸರೇ ಸಾಕೆಟ್‌ನಿಂದ ಕಿತ್ಕೊಂಡು ಬರತ್ತೆ, ಪಿನ್ ಬಗ್ಗಿದ್ರೆ ತಲೆನೋವು, ಹಾಗಾಗಿ ಮೊದಲು ಹತ್ತು ನಿಮಿಷ ಗೇಮ್ ಆಡಿ ಬಿಸಿ ಮಾಡಿ, ಆಫ್ ಮಾಡಿ, ಆಮೇಲೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಬಿಡಿಸ್ಕೊಳ್ಳಿ.

ಇನ್ನೊಂದು ಬಯಾಸ್‌ನಲ್ಲಿ (ಬೋರ್ಡಿನ ಒಳಗೇ ಇರೋ ಸೆಟ್ಟಿಂಗ್ ಸಾಫ್ಟ್‌ವೇರ್) ಎಕ್ಸ್‌ಎಂಪಿ, ಅಂದ್ರೆ ರ್‍ಯಾಮ್‌ನ ಅದರ ಪೂರ್ತಿ ಸ್ಪೀಡಿಗೆ ತರೋ ಸೆಟ್ಟಿಂಗು. ಡಿಡಿಆರ್4 3200 ರ್‍ಯಾಮ್ ತಂದು ಹಾಕಿರ್ತಾರೆ, ಆದ್ರೆ ಅದು 2133 ಅಥವಾ 2400ರಲ್ಲೇ ಓಡ್ತಿರತ್ತೆ, ಯಾಕಂದ್ರೆ ಎಕ್ಸ್‌ಎಂಪಿ ಆನ್ ಮಾಡೋದನ್ನ ಯಾರೂ ಹೇಳಿರಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಸ್ಪೀಡ್ ನೋಡಿದ್ರೆ ಗೊತ್ತಾಗತ್ತೆ. ರೈಜನ್‌ಗೆ ಇದು ತುಂಬಾನೇ ವ್ಯತ್ಯಾಸ ಮಾಡತ್ತೆ. ಮೊದಲ ಜನರೇಶನ್ ರೈಜನ್ ಇದ್ದು 3200ರಲ್ಲಿ ಸ್ಟೇಬಲ್ ಆಗಿಲ್ಲ ಅಂದ್ರೆ 2933 ಇಟ್ಟು ನೋಡಿ, ನಂದು ಅದ್ರಲ್ಲೇ ಐದು ವರ್ಷ ಓಡಿದ್ದು.

ರ್‍ಯಾಮ್ ಎಷ್ಟು ಬೇಕು? ಇರೋ 8 ಜಿಬಿ ಸಾಲಲ್ವಾ?

ಸಾಲಲ್ಲ, ಈಗ 16 ಬೇಕು. 8 ಜಿಬೀಲಿ ಕ್ರೋಮ್, ಡಿಸ್ಕಾರ್ಡ್ ಓಪನ್ ಇಟ್ಕೊಂಡು ಗೇಮ್ ಆಡಿದ್ರೆ ಜಾಗ ಸಾಲದೆ ವಿಂಡೋಸ್ ಡಿಸ್ಕಿಗೆ ಬರೆಯೋದು ಓದೋದು ಶುರು ಮಾಡತ್ತೆ, ಆಗ ಬರೋ ಜರ್ಕು ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೂ ಹೋಗಲ್ಲ. 32 ಇದ್ರೆ ಒಳ್ಳೇದು, ಆದ್ರೆ ಕಮ್ಮಿ ಬಜೆಟ್‌ಗೆ ಅದು ಮೊದಲ ಖರ್ಚಲ್ಲ.

ಒಂದೇ ಸ್ಟಿಕ್ ಬದಲು ಎರಡು ಹಾಕಿ. ಎರಡು ಸ್ಟಿಕ್ ಇದ್ರೆ ಡ್ಯುಯಲ್ ಚಾನೆಲ್, ಪ್ರೊಸೆಸರಿಗೂ ರ್‍ಯಾಮಿಗೂ ಮಧ್ಯೆ ಇರೋ ದಾರಿ ಡಬಲ್ ಅಗಲ ಆಗತ್ತೆ. ನಾಲ್ಕು ಸ್ಲಾಟ್ ಇರೋ ಬೋರ್ಡಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದ್ರೆ ಎರಡನೇದು ಮತ್ತೆ ನಾಲ್ಕನೇದರಲ್ಲಿ ಹಾಕ್ಬೇಕು. ಪಕ್ಕಪಕ್ಕದ ಸ್ಲಾಟ್‌ಗೆ ಚುಚ್ಚಿ ಸಿಂಗಲ್ ಚಾನೆಲ್‌ನಲ್ಲೇ ವರ್ಷಗಟ್ಟಲೆ ಓಡಿಸಿದವರನ್ನ ನೋಡಿದೀನಿ.

ಬೆಲೆ ಬಗ್ಗೆ ಒಂದು ಮಾತು. 2025ರ ಕೊನೆಯಿಂದ ರ್‍ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗ್ತಿರೋದೇ ಕಾರಣ. ಹಾಗಾಗಿ ಡಿಡಿಆರ್4 ಇರೋರು ಅದನ್ನೇ ಕಾಪಾಡ್ಕೊಳ್ಳಿ, ಬೇಕಂದ್ರೆ ಇರೋ ಸ್ಟಿಕ್ಕಿಗೆ ಜೋಡಿಯಾಗೋ ಅದೇ ಸ್ಪೀಡಿನ ಇನ್ನೊಂದು ಸ್ಟಿಕ್ ಸೆಕೆಂಡ್ ಹ್ಯಾಂಡ್ ಹುಡುಕಿ. ರ್‍ಯಾಮ್‌ನಲ್ಲಿ ಸವೆಯೋಕೆ ಏನೂ ಇಲ್ಲ, ಹಳೇದು ತಗೊಳ್ಳೋಕೆ ಭಯ ಬೇಡ, ಅದನ್ನ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್ ಸಾಫ್ಟ್‌ವೇರ್ ಒಂದು ರಾತ್ರಿ ಓಡಿಸಿ ಒಂದೇ ಒಂದು ಎರರ್ ಬಂದ್ರೂ ವಾಪಸ್ ಕೊಡಿ.

ಎಸ್‌ಎಸ್‌ಡಿ ಹಾಕಿದ್ರೆ ಎಫ್‌ಪಿಎಸ್ ಜಾಸ್ತಿ ಆಗತ್ತಾ?

ಆಗಲ್ಲ. ಆದ್ರೂ ಹಾಕ್ಲೇಬೇಕು. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರೈವತ್ತು ಎಂಬಿ ಆಸುಪಾಸು ಓದತ್ತೆ, ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಥರದ್ದೇ ಪೋರ್ಟಿಗೆ ಸಿಕ್ಕಿಸೋದು) 550ರ ಹತ್ರ, ಜೆನ್3 ಎನ್‌ವಿಎಂಇ (ಬೋರ್ಡ್ ಮೇಲೇ ಕೂರೋ ಇನ್ನೂ ಫಾಸ್ಟ್ ಎಸ್‌ಎಸ್‌ಡಿ) 3500ರವರೆಗೆ. ಚಿಕ್ಕ ಚಿಕ್ಕ ಫೈಲ್ ಓದೋದ್ರಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು, ಓಪನ್ ವರ್ಲ್ಡ್ ಗೇಮಲ್ಲಿ ಗಾಡಿ ಜೋರಾಗಿ ಓಡಿಸುವಾಗ ರಸ್ತೆ, ಮನೆ ಎಲ್ಲಾ ತಡವಾಗಿ ಮೂಡೋದು ಡಿಸ್ಕಿಂದ. ಸೈಬರ್‌ಪಂಕ್ 2077 2023ರ 2.0 ಅಪ್‌ಡೇಟ್ ಬಂದಾಗಿಂದ ಎಸ್‌ಎಸ್‌ಡಿ ಬೇಕೇಬೇಕು ಅಂತ ಹೇಳಿದೆ, ಸ್ಟಾರ್‌ಫೀಲ್ಡ್ ಕೂಡ ಹಾಗೇ. ಆಡೋಕೆ ಸಾಟಾ ಸಾಕು, ಎನ್‌ವಿಎಂಇ ಅದೇ ರೇಟಿಗೆ ಸಿಕ್ಕಿ ಬೋರ್ಡಲ್ಲಿ ಜಾಗ ಇದ್ರೆ ಅದನ್ನೇ ತಗೊಳ್ಳಿ. ಬೋರ್ಡ್ ಮೇಲೆ ಎಸ್‌ಎಸ್‌ಡಿ ಕೂರೋ ಎಂ.2 ಸ್ಲಾಟ್ ಇದ್ರೂ ಅದು ಸಾಟಾನಾ ಎನ್‌ವಿಎಂಇನಾ ಅಂತ ಬೋರ್ಡಿನ ಮ್ಯಾನ್ಯುಯಲ್ ನೋಡಿ.

ಎಚ್81 ಇರೋರಿಗೆ ಒಂದು ಕಿವಿಮಾತು, ಅದ್ರಲ್ಲಿ ನಾಲ್ಕು ಸಾಟಾ ಪೋರ್ಟ್ ಇದ್ರೆ ಎರಡು ಮಾತ್ರ 6 ಗಿಗಾಬಿಟ್ಟಿಂದು, ಇನ್ನೆರಡು 3. ಎಸ್‌ಎಸ್‌ಡಿನ 6ಕ್ಕೇ ಸಿಕ್ಕಿಸಿ.

ಪ್ರೊಸೆಸರ್ ಯಾವುದು ಹಾಕೋಣ? ಬೋರ್ಡ್ ಬದಲಾಯಿಸೋಕೆ ಇಷ್ಟ ಇಲ್ಲ.

ಒಂದೊಂದಾಗಿ ಹೇಳ್ತೀನಿ.

ಎಎಮ್4: ಎ320, ಬಿ350, ಬಿ450, ಎಕ್ಸ್370, ಬಿ550 ಯಾವುದಿದ್ರೂ ಬಯಾಸ್ ಅಪ್‌ಡೇಟ್ ಮಾಡಿದ್ರೆ ಹೆಚ್ಚಿನವು ರೈಜನ್ 5000 ತಗೊಳ್ತವೆ. 2017ರ ಬೋರ್ಡಿಗೆ 2022ರ ಪ್ರೊಸೆಸರ್ ಹಾಕೋ ಭಾಗ್ಯ ಇಂಟೆಲ್‌ನವರಿಗೆ ಸಿಗ್ಲಿಲ್ಲ. ದುಡ್ಡಿಗೆ ತಕ್ಕ ಮಾಲು ಅಂದ್ರೆ ರೈಜನ್ 5 5600, ಆರು ಕೋರು, ಹನ್ನೆರಡು ಥ್ರೆಡ್ಡು, 65 ವ್ಯಾಟು, ಡಬ್ಬೀಲೇ ಕೂಲರ್ ಬರತ್ತೆ. ನಾನು 1600 ತೆಗೆದು ಇದನ್ನ ಹಾಕಿದೆ, ಗ್ರಾಫಿಕ್ಸ್ ಕಾರ್ಡ್ ಅದೇ 1060 ಇದ್ರೂ ವ್ಯಾಲರೆಂಟ್‌ನಲ್ಲಿ ಗುಂಪಾಗಿ ಗುಂಡು ಹಾರಿಸ್ಕೊಳ್ಳುವಾಗ ಬರ್ತಿದ್ದ ಜರ್ಕು ಮಾಯ ಆಯ್ತು. 5500 ಮತ್ತೆ 5600ಜಿ ಹೆಸರು ನೋಡಿ ಅಣ್ಣತಮ್ಮ ಅಂದ್ಕೋಬೇಡಿ, ಅವುಗಳ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ ಫಾಸ್ಟ್ ಮೆಮೊರಿ) 16 ಎಂಬಿ, 5600ದ್ದು 32, ಗೇಮಲ್ಲಿ ಅದು ಕಾಣತ್ತೆ. ಸ್ವಲ್ಪ ಜಾಸ್ತಿ ದುಡ್ಡಿದ್ದು 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ನ್ಯಾಯವಾದ ಬೆಲೆಗೆ ಸಿಕ್ರೆ ಬಿಡ್ಬೇಡಿ, 96 ಎಂಬಿ ಕ್ಯಾಶು, ಆದ್ರೆ ಕೂಲರ್ ಬೇರೆ ತಗೋಬೇಕು.

ಇಂಟೆಲ್ 6, 7ನೇ ಜನರೇಶನ್: ಸಾಕೆಟ್ 1151 ಅಂತ ಇದ್ರೂ 8, 9ನೇ ಜನರೇಶನ್ ಈ ಬೋರ್ಡಲ್ಲಿ ಓಡಲ್ಲ, ಅದಕ್ಕೆ 300 ಸೀರೀಸ್ ಬೋರ್ಡೇ ಬೇಕು. ಹೆಸರು ಒಂದೇ ಅಂತ ತಂದು ಪೇಚಿಗೆ ಸಿಕ್ಕೊಂಡೋರು ಬಹಳ ಜನ. ಇದ್ರಲ್ಲಿ ದೊಡ್ಡದು ಅಂದ್ರೆ ಐ7 7700, ಅದು ನಾಲ್ಕು ಕೋರು, ಮತ್ತೆ ಹಳೇದಾದ್ರೂ ಜನ ರೇಟು ಇಳಿಸಲ್ಲ. ಆ ದುಡ್ಡಿಗೆ ಸ್ವಲ್ಪ ಸೇರಿಸಿ ಐ3 12100ಎಫ್ ಮತ್ತೆ ಡಿಡಿಆರ್4 ತಗೊಳ್ಳೋ ಎಚ್610 ಬೋರ್ಡ್ ಹಾಕಿ, ಅದೂ ನಾಲ್ಕೇ ಕೋರಾದ್ರೂ ಒಂದೊಂದು ಕೋರಿನ ಕಸುವು ಬೇರೆ, ಹಳೆ ಡಿಡಿಆರ್4 ರ್‍ಯಾಮೂ ಕೂರತ್ತೆ, ಮುಂದೆ 12, 13, 14ನೇ ಜನರೇಶನ್‌ನ ಐ5ಗೂ ದಾರಿ ಇರತ್ತೆ.

ಇಂಟೆಲ್ 8, 9: ಐ5 8400 ಥರದ್ದು ಇದ್ರೆ ಸದ್ಯಕ್ಕೆ ಪ್ರೊಸೆಸರ್ ಬಿಡಿ, ಗ್ರಾಫಿಕ್ಸ್ ಕಾರ್ಡ್ ನೋಡಿ.

ಇಂಟೆಲ್ 4: ಅಕ್ಕನ ಮಗನ ಐ5 4460ಗೆ ಇದ್ದಿದ್ದು ನಾಲ್ಕೇ ಥ್ರೆಡ್. ಸೆಕೆಂಡ್ ಹ್ಯಾಂಡ್ ಐ7 4790 ಹಾಕಿದ್ವಿ, ಎಂಟು ಥ್ರೆಡ್. ಅದಕ್ಕಿಂತ ಮುಂದೆ ಆ ಬೋರ್ಡಿಗೆ ದಾರಿ ಇಲ್ಲ, ಇನ್ನೊಂದು ಖರ್ಚು ಅಂದ್ರೆ ಬೋರ್ಡೇ ಬದಲು ಅಂತ ಅವನಿಗೆ ಮೊದಲೇ ಹೇಳಿದ್ದೆ.

ಬಯಾಸ್ ಅಪ್‌ಡೇಟ್ ಮಾಡುವಾಗ ಬೋರ್ಡ್ ಸತ್ತೋಗತ್ತೆ ಅಂತಾರೆ, ನಿಜನಾ?

ಮಧ್ಯದಲ್ಲಿ ಕರೆಂಟ್ ಹೋದ್ರೆ ಸಾಯ್ಬಹುದು, ಅದು ನಿಜ. ಅದಕ್ಕೆ ಯುಪಿಎಸ್ ಇಲ್ಲದೆ ಮಾಡ್ಲೇಬೇಡಿ, ನಿಮ್ಮನೇಲಿ ಇಲ್ಲಾಂದ್ರೆ ಇರೋರ ಮನೆಗೆ ಕ್ಯಾಬಿನೆಟ್ ಎತ್ಕೊಂಡು ಹೋಗಿ. ಮಳೆ ಗುಡುಗು ಇರೋ ಸಂಜೆ ಬೇಡ. ಹಳೆ ಪ್ರೊಸೆಸರ್ ಬೋರ್ಡಲ್ಲಿ ಇರುವಾಗಲೇ ಅಪ್‌ಡೇಟ್ ಮಾಡಿ, ಹೊಸದು ಹಾಕಿದ ಮೇಲೆ ಅಲ್ಲ, ಆಮೇಲೆ ಬೋರ್ಡ್ ಆನೇ ಆಗಲ್ಲ. ಬೋರ್ಡಿನ ಮೇಲೆ ಪ್ರಿಂಟ್ ಆಗಿರೋ ಪೂರ್ತಿ ಮಾಡೆಲ್ ನಂಬರ್, ರಿವಿಷನ್ ನಂಬರ್ ಸಮೇತ ಫೋಟೋ ತಗೊಂಡು, ಕಂಪನಿಯ ಸಪೋರ್ಟ್ ಪೇಜಲ್ಲಿ ಅದೇ ಮಾಡೆಲ್ ಫೈಲ್ ಇಳಿಸ್ಕೊಳ್ಳಿ. ಎಫ್‌ಎಟಿ32 ಮಾಡಿದ ಪೆನ್‌ಡ್ರೈವ್‌ಗೆ ಹಾಕಿ ಬಯಾಸ್ ಒಳಗಿಂದಾನೇ ಮಾಡಿ, ವಿಂಡೋಸ್ ಒಳಗಿಂದ ಬೇಡ. ಕೆಲವು ಹಳೆ ಬೋರ್ಡಿಗೆ ನೇರ ಕೊನೆ ವರ್ಷನ್‌ಗೆ ಹಾರೋ ಹಾಗಿಲ್ಲ, ಮಧ್ಯದ ಒಂದು ವರ್ಷನ್ ಮೊದಲು ಹಾಕ್ಬೇಕು ಅಂತ ಅಲ್ಲೇ ಬರೆದಿರತ್ತೆ, ಓದಿ. ನಂದು ಆರು ನಿಮಿಷ ತಗೊಳ್ತು, ಆ ಆರು ನಿಮಿಷ ಮನೇಲಿ ಯಾರಿಗೂ ಮಿಕ್ಸಿ ಹಾಕೋಕೆ ಬಿಟ್ಟಿರ್ಲಿಲ್ಲ.

ಗ್ರಾಫಿಕ್ಸ್ ಕಾರ್ಡ್ ಯಾವುದು ತಗೊಳ್ಲಿ?

ಮೊದಲು ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಎಂಟು ಪಿನ್ ಪಿಸಿಐಇ ಕನೆಕ್ಟರ್ (ಕಾರ್ಡಿಗೆ ಕರೆಂಟ್ ಕೊಡೋ ವೈರು) ಇದ್ಯಾ ಅಂತ ನೋಡ್ಕೊಂಡು ಬನ್ನಿ.

ಇಲ್ಲ, ಎಸ್‌ಎಂಪಿಎಸ್ ಬದಲಾಯಿಸೋಕೂ ಆಗಲ್ಲ ಅಂದ್ರೆ ಸ್ಲಾಟ್‌ನಿಂದಾನೇ 75 ವ್ಯಾಟ್ ಒಳಗೆ ಓಡೋ ಕಾರ್ಡ್ ಮಾತ್ರ, ಜಿಟಿಎಕ್ಸ್ 1650 ಅಥವಾ ಆರ್‌ಟಿಎಕ್ಸ್ 3050 6 ಜಿಬಿ. 1650ರಲ್ಲಿ ಕೆಲವು ಮಾಡೆಲ್‌ಗೆ ಆರು ಪಿನ್ ಕೇಳತ್ತೆ, ನೋಡ್ಕೊಳ್ಳಿ.

ಕನೆಕ್ಟರ್ ಇದೆ, ಆದ್ರೆ ಕಮ್ಮಿ ದುಡ್ಡು ಅಂದ್ರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಜಿಟಿಎಕ್ಸ್ 1660 ಸೂಪರ್ ಅಥವಾ ಆರ್‌ಟಿಎಕ್ಸ್ 2060. ಎರಡೂ 6 ಜಿಬೀನೇ, ಆದ್ರೆ 2060ಗೆ ರೇ ಟ್ರೇಸಿಂಗ್ (ಬೆಳಕು, ನೆರಳನ್ನ ನಿಜದ ಥರ ಲೆಕ್ಕ ಹಾಕೋದು) ಹಾರ್ಡ್‌ವೇರ್ ಇದೆ, ಡಿಎಲ್‌ಎಸ್‌ಎಸ್ (ಕಮ್ಮಿ ರೆಸಲ್ಯೂಶನ್ ಚಿತ್ರನ ಎಐಯಿಂದ ಹಿಗ್ಗಿಸೋದು) ಇದೆ. ರೇ ಟ್ರೇಸಿಂಗ್ ಈಗ ಮುಖ್ಯ ಆಗ್ತಿದೆ, ಯಾಕಂದ್ರೆ 2024ರ ಇಂಡಿಯಾನಾ ಜೋನ್ಸ್ ಗೇಮು, 2025ರ ಡೂಮ್ ದ ಡಾರ್ಕ್ ಏಜಸ್ ಎರಡೂ ರೇ ಟ್ರೇಸಿಂಗ್ ಹಾರ್ಡ್‌ವೇರ್ ಕಡ್ಡಾಯ ಮಾಡಿವೆ. ಜಿಟಿಎಕ್ಸ್ 900, 1000 ಸೀರೀಸ್‌ಗೆ ಎನ್‌ವಿಡಿಯಾ ಹೊಸ ಗೇಮ್‌ಗಳ ಡ್ರೈವರ್ ಕೊಡೋದನ್ನ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ, ಬರೀ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ, ಹಾಗಾಗಿ ಇವತ್ತು 1060ನೋ 1070ನೋ ಕಾಸು ಕೊಟ್ಟು ತಗೋಬೇಡಿ. ಇರೋದನ್ನ ಓಡಿಸ್ಕೊಳ್ಳಿ.

ನನ್ನ ಆಯ್ಕೆ ಆರ್‌ಎಕ್ಸ್ 6600. 8 ಜಿಬಿ, 132 ವ್ಯಾಟು, ಒಂದೇ ಎಂಟು ಪಿನ್ನು, 1080ಪಿ ಆಡೋರಿಗೆ ಅಷ್ಟು ಕಮ್ಮಿ ಕರೆಂಟಲ್ಲಿ ಅಷ್ಟು ಕೆಲಸ ಮಾಡೋ ಕಾರ್ಡ್ ಕಮ್ಮಿ. ಈಗ ನನ್ನ ಪಿಸೀಲಿರೋದೂ ಇದೇ, ಬೇಸಿಗೇಲೂ 70 ಡಿಗ್ರಿ ದಾಟಿಲ್ಲ. ಹೊಸದೇ ಬೇಕು, ಇನ್ನೂ ಜಾಸ್ತಿ ದುಡ್ಡಿದೆ ಅಂದ್ರೆ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ, ನಾಲ್ಕೈದು ವರ್ಷ ಯೋಚನೆ ಇರಲ್ಲ. ಇಂಟೆಲ್ ಆರ್ಕ್ ಬಿ580 12 ಜಿಬಿ ಒಳ್ಳೆ ಕಾರ್ಡೇ, ಆದ್ರೆ ಹಳೆ ಪಿಸಿಗೆ ಬೇಡ, ಅದಕ್ಕೆ ರೀಸೈಜಬಲ್ ಬಾರ್ (ಪ್ರೊಸೆಸರ್‌ಗೆ ಕಾರ್ಡಿನ ಪೂರ್ತಿ ಮೆಮೊರಿ ಒಂದೇ ಸಲ ಸಿಗೋ ಹಾಗೆ ಮಾಡೋ ಸೌಲಭ್ಯ) ಇರ್ಲೇಬೇಕು, ಹಳೆ ಪ್ರೊಸೆಸರ್ ಜೊತೆ ಅದರ ಡ್ರೈವರ್ ತುಂಬಾ ಹಿಂದೆ ಬೀಳತ್ತೆ.

ಹಳೆ ಬೋರ್ಡಿಗೆ ಹೊಸ ಕಾರ್ಡ್ ಕೂರತ್ತಾ? ಕಾರ್ಡ್ ಕೂರೋ ಪಿಸಿಐಇ ಸ್ಲಾಟ್‌ನ ವರ್ಷನ್ ಬೇರೆ ಬೇರೆ ಅಲ್ವಾ?

ಕೂರತ್ತೆ, ಓಡತ್ತೆ. ಆದ್ರೆ ಲೇನ್ (ಕಾರ್ಡಿಗೂ ಬೋರ್ಡಿಗೂ ಮಧ್ಯೆ ಡೇಟಾ ಓಡಾಡೋ ಸಾಲು) ಎಷ್ಟು ಅಂತ ನೋಡ್ಬೇಕು. ಆರ್‌ಎಕ್ಸ್ 6500 ಎಕ್ಸ್‌ಟಿ ನೋಡೋಕೆ ಉದ್ದ ಸ್ಲಾಟೇ, ಒಳಗೆ ವೈರಿಂಗ್ ಇರೋದು ನಾಲ್ಕೇ ಲೇನ್, ಮೇಲೆ 4 ಜಿಬಿ ಮೆಮೊರಿ ಬೇರೆ. ಪಿಸಿಐಇ 4ರಲ್ಲಿ ಹೇಗೋ ನಡೆಯತ್ತೆ, ನಿಮ್ಮ ಪಿಸಿಐಇ 3 ಬೋರ್ಡಲ್ಲಿ ದಾರಿ ಅರ್ಧ ಆಗತ್ತೆ, ವಿರ್‍ಯಾಮ್ ತುಂಬಿದ ಕೂಡ್ಲೇ ಗೇಮ್ ಮುಗ್ಗರಿಸತ್ತೆ. ಹಳೆ ಬೋರ್ಡ್ ಇರೋರೇ ಕಮ್ಮಿ ರೇಟು ಅಂತ ಇದನ್ನ ತಗೊಳ್ಳೋದು, ಅವರಿಗೇ ಇದು ಆಗಿಬರಲ್ಲ. 6600 ಎಂಟು ಲೇನಿಂದು, ಪಿಸಿಐಇ 3ರಲ್ಲಿ ಸ್ವಲ್ಪ ಮಾತ್ರ ಕಳ್ಕೊಳ್ಳತ್ತೆ.

ಎಚ್81 ಬೋರ್ಡಲ್ಲಿ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 2 ಅಷ್ಟೇ, ಪ್ರೊಸೆಸರ್‌ಗೆ 3 ಬಂದ್ರೂ ಬೋರ್ಡ್ ಕೊಡಲ್ಲ. ಅದಕ್ಕೇ ಅಕ್ಕನ ಮಗನಿಗೆ 6600 ಹಾಕಿಸ್ಲಿಲ್ಲ, ಪೂರ್ತಿ ಹದಿನಾರು ಲೇನ್ ಇರೋ 1660 ಸೂಪರ್ ಹುಡುಕಿದ್ದು.

ಎಸ್‌ಎಂಪಿಎಸ್ ಸರಿಯಾಗಿ ಓಡ್ತಿದೆ, ಬದಲಾಯಿಸ್ಬೇಕಾ?

ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬಂದಿದ್ದಾದ್ರೆ ಬದಲಾಯಿಸ್ಬೇಕು. ಈ ಒಂದು ವಿಷಯದಲ್ಲಿ ನಾನು ಯಾರ ಹತ್ರಾನೂ ರಾಜಿ ಮಾಡ್ಕೊಳ್ಳಲ್ಲ. ನನ್ನ ಗೆಳೆಯ ಒಬ್ಬ, 450 ವ್ಯಾಟ್ ಅಂತ ಸ್ಟಿಕ್ಕರ್ ಅಂಟಿಸಿದ ಹೆಸರಿಲ್ಲದ ಎಸ್‌ಎಂಪಿಎಸ್ ಮೇಲೆ ಹೊಸ ಕಾರ್ಡ್ ಹಾಕಿದ. ಎರಡು ತಿಂಗಳು ಏನೂ ಆಗ್ಲಿಲ್ಲ. ಮೂರನೇ ತಿಂಗಳು ಒಂದು ರಾತ್ರಿ ಟಪ್ ಅಂತ ಸದ್ದು, ಸುಟ್ಟ ವಾಸನೆ, ಎಸ್‌ಎಂಪಿಎಸ್ ಹೋಗಿದ್ದಲ್ದೆ ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೇಲಿ ಕರ್ಕೊಂಡು ಹೋಯ್ತು. ಆ ಡಿಸ್ಕಲ್ಲಿ ಅವನ ಅಪ್ಪನ ಕೊನೆ ಫೋಟೋಗಳಿದ್ವು. ಬಿಚ್ಚಿ ನೋಡಿದ್ರೆ ಒಳಗೆ ಅರ್ಧ ಖಾಲಿ, ಬೆಂಡೆಕಾಯಿ ಬೀಜದಂಥ ಪುಟ್ಟ ಪುಟ್ಟ ಕೆಪಾಸಿಟರ್‌ಗಳು, ಟ್ರಾನ್ಸ್‌ಫಾರ್ಮರ್ ಬೆಂಕಿಪೊಟ್ಟಣದಷ್ಟು.

ಸ್ಟಿಕ್ಕರ್‌ನಲ್ಲಿ ಒಟ್ಟು ವ್ಯಾಟ್ ಬದಲು 12 ವೋಲ್ಟ್ ಲೈನ್‌ನಲ್ಲಿ ಎಷ್ಟು ಆಂಪಿಯರ್ ಅಂತ ನೋಡಿ, ಆಂಪಿಯರನ್ನ 12ರಿಂದ ಗುಣಿಸಿ, ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ತಿನ್ನೋದು ಅದ್ರಿಂದಾನೇ. ಇಲ್ಲಿ ಹೇಳಿರೋ ಕಾರ್ಡ್‌ಗಳಿಗೆಲ್ಲ ಒಳ್ಳೆ ಕಂಪನಿಯ 550 ವ್ಯಾಟ್ 80 ಪ್ಲಸ್ ಬ್ರಾಂಜ್ ಧಾರಾಳ ಸಾಕು. 80 ಪ್ಲಸ್ ಅನ್ನೋದು ಎಷ್ಟು ಕರೆಂಟ್ ವೇಸ್ಟ್ ಆಗಲ್ಲ ಅನ್ನೋ ಲೆಕ್ಕ ಮಾತ್ರ, ಗಟ್ಟಿ ಅನ್ನೋ ಗ್ಯಾರಂಟಿ ಅಲ್ಲ, ಹಾಗಾಗಿ ಐದು ವರ್ಷ ವಾರಂಟಿ ಕೊಡೋ ಮಾಡೆಲ್ ನೋಡಿ. ಹಳೆ ನಾಲ್ಕು ಪಿನ್ ಮೊಲೆಕ್ಸ್‌ನಿಂದ ಎಂಟು ಪಿನ್ ಮಾಡೋ ಕನ್ವರ್ಟರ್ ಕೇಬಲ್ ಯಾರಾದ್ರೂ ಕೊಟ್ರೆ ತಗೋಬೇಡಿ, ಆ ತೆಳು ವೈರು ಬಿಸಿಯಾಗಿ ಕರಗತ್ತೆ. ಮತ್ತೆ ಎಸ್‌ಎಂಪಿಎಸ್ ಸೆಕೆಂಡ್ ಹ್ಯಾಂಡ್ ಬೇಡ.

ಯುಪಿಎಸ್, ಅರ್ಥಿಂಗ್, ಸಿಡಿಲು?

600 ವಿಎ ಯುಪಿಎಸ್ ಅಂದ್ರೆ ಸುಮಾರು 360 ವ್ಯಾಟ್. 6600 ಥರದ ಪಿಸಿಗೆ ಮಾನಿಟರ್ ಸೇರಿ ನಡೆಯತ್ತೆ, ಆದ್ರೆ ಗೇಮ್ ಸೇವ್ ಮಾಡಿ ಆಫ್ ಮಾಡೋಷ್ಟೇ ಟೈಮ್ ಸಿಗತ್ತೆ. ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ಸತ್ತಾ? ಹಾಗಿದ್ರೆ ಪ್ಲಗ್‌ಗೆ ಅರ್ಥಿಂಗ್ ಇಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡ್ಸಿ, ಅದಾಗೋವರೆಗೂ ಹೊಸ ಪಾರ್ಟ್ ಹಾಕ್ಬೇಡಿ. ಮಲೆನಾಡು, ಕರಾವಳಿ ಕಡೆಯೋರಿಗೆ ನಾನ್ ಹೇಳ್ಬೇಕಾಗಿಲ್ಲ, ಗುಡುಗು ಶುರುವಾದ್ರೆ ಪ್ಲಗ್ ಕಿತ್ತಿಡ್ತಾರೆ, ಆದ್ರೆ ಇಂಟರ್ನೆಟ್ ಕೇಬಲ್ ಮರೀತಾರೆ. ಬೋರ್ಡಿನ ಲ್ಯಾನ್ ಪೋರ್ಟ್ ಸುಡೋದು ಆ ದಾರೀಲೇ, ಅದನ್ನೂ ತೆಗೀರಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಳ್ಳುವಾಗ ಏನೇನು ನೋಡ್ಬೇಕು?

ಓಡ್ತಿರೋದನ್ನ ನೋಡದೆ ದುಡ್ಡು ಕೊಡ್ಬೇಡಿ, ಇದೇ ಮೊದಲು. ಅಡ್ವಾನ್ಸ್ ಕಳ್ಸಿ ಕೊರಿಯರ್ ಮಾಡ್ತೀನಿ ಅನ್ನೋರಿಗೆ ನಮಸ್ಕಾರ ಹೇಳಿ. ಅವರ ಮನೆಗೇ ಹೋಗಿ, ಪೆನ್‌ಡ್ರೈವ್‌ನಲ್ಲಿ ಜಿಪಿಯು-ಝಡ್ (ಕಾರ್ಡಿನ ವಿವರ ತೋರ್ಸೋ ಸಾಫ್ಟ್‌ವೇರ್) ಮತ್ತೆ ಫರ್‌ಮಾರ್ಕ್ (ಕಾರ್ಡನ್ನ ಪೂರ್ತಿ ದುಡಿಸಿ ಪರೀಕ್ಷೆ ಮಾಡೋದು) ಇಟ್ಕೊಳ್ಳಿ. ಜಿಪಿಯು-ಝಡ್‌ನಲ್ಲಿ ಶೇಡರ್ (ಚಿಪ್ ಒಳಗೆ ಲೆಕ್ಕ ಮಾಡೋ ಪುಟ್ಟ ಪುಟ್ಟ ಘಟಕ) ಎಣಿಕೆ ನೋಡಿ: 1050 ಟಿಐ ಆದ್ರೆ 768, 1060 6 ಜಿಬಿ ಆದ್ರೆ 1280, 3 ಜಿಬಿ ಆದ್ರೆ 1152, ಆರ್‌ಎಕ್ಸ್ 580 ಆದ್ರೆ 2304. 580 ಹೆಸರಲ್ಲೇ 2048 ಶೇಡರ್‌ನ ಕಮ್ಮಿ ಕಾರ್ಡೂ ಮಾರ್ಕೆಟ್ಟಲ್ಲಿದೆ, ಮತ್ತೆ ಬಹಳ ಹಳೆ ಕಾರ್ಡಿಗೆ ಬಯಾಸ್ ತಿದ್ದಿ 1050 ಟಿಐ ಅಂತ ಮಾರೋರೂ ಇದಾರೆ. ಆಮೇಲೆ ಫರ್‌ಮಾರ್ಕ್ ಹದಿನೈದು ನಿಮಿಷ, ಟೆಂಪರೇಚರ್ 85 ದಾಟ್ಬಾರ್ದು, ಸ್ಕ್ರೀನ್ ಮೇಲೆ ಚುಕ್ಕಿ, ಗೆರೆ, ಬಣ್ಣದ ಚೌಕ ಬರ್ಬಾರ್ದು. ಅದು ಮುಗಿದ ಮೇಲೆ ಒಂದು ನಿಜವಾದ ಗೇಮ್ ಕೂಡ ಆಡಿ ನೋಡಿ.

ಕೈಯಲ್ಲಿ ಹಿಡ್ಕೊಂಡು ನೋಡಿದಾಗ ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದಿದ್ಯಾ, ಹಿಂದುಗಡೆ ಕಂದು ಬಣ್ಣಕ್ಕೆ ತಿರುಗಿರೋ ಜಾಗ ಇದ್ಯಾ, ಪೋರ್ಟ್‌ಗಳಲ್ಲಿ ತುಕ್ಕು ಇದ್ಯಾ ಅಂತ ನೋಡಿ. ಒಂದೊಂದು ಪೋರ್ಟಿಗೂ ಕೇಬಲ್ ಚುಚ್ಚಿ ನೋಡಿ. ಕ್ರಿಪ್ಟೋ ಮೈನಿಂಗ್‌ಗೆ ಓಡಿದ ಕಾರ್ಡ್ ಅಂದ ಮಾತ್ರಕ್ಕೆ ಓಡಿಹೋಗ್ಬೇಕಾಗಿಲ್ಲ, ಫ್ಯಾನ್ ಸವೆದಿರತ್ತೆ, ಪೇಸ್ಟ್ ಒಣಗಿರತ್ತೆ, ಆ ಖರ್ಚು ಕಳೆದು ರೇಟ್ ಮಾತಾಡಿ. ರಿಪೇರಿ ಆಗಿರೋ ಕಾರ್ಡ್ ಮಾತ್ರ ಬೇಡ, ಬಿಸಿ ಮಾಡಿ ಎಬ್ಬಿಸಿದ ಚಿಪ್ಪು ಎಷ್ಟು ದಿನ ಅಂತ ಯಾರೂ ಹೇಳೋಕಾಗಲ್ಲ.

ಬೆಂಗಳೂರಿನ ಎಸ್‌ಪಿ ರೋಡಲ್ಲಿ (ಕಂಪ್ಯೂಟರ್ ಅಂಗಡಿಗಳ ಬೀದಿ) ತಗೊಳ್ಲಾ, ಆನ್‌ಲೈನಲ್ಲಾ?

ಎರಡೂ ಕಡೆ ರೇಟ್ ನೋಡಿ. ಎಸ್‌ಪಿ ರೋಡ್‌ಗೆ ಹೋಗೋದಾದ್ರೆ ಮಾರ್ಕೆಟ್ ಅಥವಾ ಚಿಕ್ಕಪೇಟೆ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ನಡೆದ್ರೆ ಸಾಕು, ಗಾಡಿ ತಗೊಂಡೋದ್ರೆ ನಿಲ್ಸೋಕೆ ಜಾಗ ಸಿಗಲ್ಲ. ಭಾನುವಾರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರತ್ತೆ. ಪೂರ್ತಿ ಮಾಡೆಲ್ ಹೆಸರು ಚೀಟೀಲಿ ಬರ್ಕೊಂಡು ಹೋಗಿ, ಮೂರ್ನಾಲ್ಕು ಕಡೆ ಅದನ್ನೇ ತೋರಿಸಿ ಕೇಳಿ, ಅದಿಲ್ಲ ಇದು ಅದಕ್ಕಿಂತ ಚೆನ್ನಾಗಿದೆ ಅಂದ್ರೆ ಮುಂದಿನ ಅಂಗಡಿ. ಹೇಳೋ ರೇಟು ಜಿಎಸ್‌ಟಿ ಸೇರ್ಸಿನಾ ಬಿಟ್ಟಾ ಅಂತ ಮೊದಲೇ ಕೇಳಿ, 18 ಪರ್ಸೆಂಟ್ ಸಣ್ಣ ಮೊತ್ತ ಅಲ್ಲ. ಸೀರಿಯಲ್ ನಂಬರ್ ಬರೆದಿರೋ ಬಿಲ್ ಇಲ್ದೆ ಕೌಂಟರ್ ಬಿಡ್ಬೇಡಿ, ಬಿಲ್ ಬೇಡ ಅಂದ್ರೆ ಇಷ್ಟು ಕಮ್ಮಿ ಅನ್ನೋ ಆಸೆಗೆ ಬಿದ್ರೆ ವಾರಂಟಿ ಟೈಮಲ್ಲಿ ಅಲೀಬೇಕಾಗತ್ತೆ. ಆನ್‌ಲೈನ್ ತಗೊಂಡ್ರೆ ಡಬ್ಬಿ ಒಡೆಯೋದನ್ನ ಶುರುವಿಂದ ಕೊನೆವರೆಗೂ ಕಟ್ ಮಾಡದೆ ವಿಡಿಯೋ ಮಾಡಿ.

ಆಫೀಸಿಂದ ಬಂದ ರಿಫರ್ಬಿಶ್ಡ್ ಪಿಸಿ ತಗೊಂಡು ಗ್ರಾಫಿಕ್ಸ್ ಕಾರ್ಡ್ ಹಾಕ್ಬಹುದಾ?

ಟವರ್ ಸೈಜ್ ಇದ್ರೆ ಹಾಕ್ಬಹುದು. ಚಪ್ಪಟೆ ಚಿಕ್ಕ ಡಬ್ಬಿ ಇದ್ರೆ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡ್ ಮಾತ್ರ ಕೂರತ್ತೆ. ದೊಡ್ಡ ಕಂಪನಿಗಳ ಆಫೀಸ್ ಪಿಸಿಗಳಲ್ಲಿ ಎಸ್‌ಎಂಪಿಎಸ್ ಕನೆಕ್ಟರ್ ಅವರದ್ದೇ ಬೇರೆ ಥರ, ಮಾಮೂಲಿ ಎಸ್‌ಎಂಪಿಎಸ್ ಸಿಕ್ಕಿಸೋಕಾಗಲ್ಲ. 8ನೇ ಜನರೇಶನ್‌ಗಿಂತ ಹಳೇದು ಬೇಡ.

ವಿಂಡೋಸ್ 10 ಸಪೋರ್ಟ್ ಮುಗೀತಲ್ಲ, ಈಗೇನ್ ಮಾಡೋದು?

2025ರ ಅಕ್ಟೋಬರ್ 14ಕ್ಕೆ ಮುಗೀತು. ಮನೆ ಪಿಸಿಗಳಿಗೆ ಹೆಸರು ನೋಂದಾಯಿಸ್ಕೊಂಡ್ರೆ 2026ರ ಅಕ್ಟೋಬರ್‌ವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರತ್ತೆ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ವಿಂಡೋಸ್ 11ಗೆ ಟಿಪಿಎಂ 2.0 (ಬೋರ್ಡ್ ಅಥವಾ ಪ್ರೊಸೆಸರ್‌ನಲ್ಲಿರೋ ಸೆಕ್ಯುರಿಟಿ ವ್ಯವಸ್ಥೆ), ಸೆಕ್ಯೂರ್ ಬೂಟ್, ಇಂಟೆಲ್ 8ನೇ ಜನರೇಶನ್ ಅಥವಾ ರೈಜನ್ 2000 ಮೇಲಿಂದು ಬೇಕು. ನನ್ನ 1600 ಆ ಲಿಸ್ಟಲ್ಲಿ ಇರ್ಲಿಲ್ಲ, 5600 ಹಾಕಿದ ಮೇಲೆ ಅದೇ ಬೋರ್ಡಲ್ಲಿ ವಿಂಡೋಸ್ 11 ಸಲೀಸಾಗಿ ಕೂತ್ಕೊಳ್ತು, ಬಯಾಸ್‌ನಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಟಿಪಿಎಂ) ಆನ್ ಮಾಡ್ಬೇಕಾಯ್ತು ಅಷ್ಟೇ. ಹಳೆ ಪಿಸಿಗೆ ಅಡ್ಡದಾರೀಲಿ 11 ಹಾಕೋರಿದಾರೆ, ಆದ್ರೆ ವ್ಯಾಲರೆಂಟ್ ವಿಂಡೋಸ್ 11ರಲ್ಲಿ ಟಿಪಿಎಂ ಇಲ್ಲದೆ ಓಪನೇ ಆಗಲ್ಲ. ಲಿನಕ್ಸ್‌ಗೆ ಹೋದ್ರೆ ಸ್ಟೀಮ್‌ನ ಬಹಳಷ್ಟು ಗೇಮ್ ಪ್ರೋಟಾನ್ (ವಿಂಡೋಸ್ ಗೇಮನ್ನ ಲಿನಕ್ಸ್‌ನಲ್ಲಿ ಓಡಿಸೋ ಸಾಫ್ಟ್‌ವೇರ್) ಮೇಲೆ ಚೆನ್ನಾಗೇ ಓಡ್ತವೆ, ವ್ಯಾಲರೆಂಟ್ ಮಾತ್ರ ಓಡಲ್ಲ.

ನನ್ನ ಮಾನಿಟರ್‌ಗೆ ವಿಜಿಎ ಮಾತ್ರ ಇದೆ.

ಈಗಿನ ಕಾರ್ಡಲ್ಲಿ ವಿಜಿಎ ಇರಲ್ಲ. ಎಚ್‌ಡಿಎಂಐ ಇಂದ ವಿಜಿಎಗೆ ಕನ್ವರ್ಟರ್ ಸಿಗತ್ತೆ, ಸದ್ಯಕ್ಕೆ ಅದನ್ನ ಹಾಕ್ಕೊಳ್ಳಿ. ಹೊಸ ಮಾನಿಟರ್‌ಗೆ ದುಡ್ಡು ಆದಾಗ 144 ಹರ್ಟ್ಸ್ ಅಥವಾ ಮೇಲಿಂದೇ ತಗೊಳ್ಳಿ, 60 ಹರ್ಟ್ಸ್ ಸ್ಕ್ರೀನ್ ಮುಂದೆ ಕೂತು 150 ಎಫ್‌ಪಿಎಸ್ ಬರಿಸಿದ್ರೆ ಅದು ಪೂರ್ತಿ ಕಣ್ಣಿಗೆ ಕಾಣೋದೇ ಇಲ್ಲ.

ಕೈಯಲ್ಲಿ ಇರೋದೇ ಹದಿನೈದು ಸಾವಿರ. ಒಂದೇ ಸಲ ಎಲ್ಲಾ ಆಗಲ್ಲ.

ಒಂದೇ ಸಲ ಆಗ್ಬೇಕಂತ ಯಾರೂ ಹೇಳಿಲ್ಲ. ಅಕ್ಕನ ಮಗನ ಪಿಸಿ ಒಂದು ವರ್ಷದಲ್ಲಿ ಮೂರು ಕಂತಲ್ಲಿ ಆಗಿದ್ದು. ಮೊದಲನೇ ಸಲ ಕ್ಲೀನಿಂಗು, ಪೇಸ್ಟು, ಸಾಟಾ ಎಸ್‌ಎಸ್‌ಡಿ, ಇನ್ನೊಂದು 8 ಜಿಬಿ ಡಿಡಿಆರ್3 ಸ್ಟಿಕ್ಕು. ದಸರಾ ರಜೇಲಿ ಎಸ್‌ಎಂಪಿಎಸ್ಸು, ಆಮೇಲೆ ಎರಡು ವಾರ ಹುಡುಕಿ 1660 ಸೂಪರ್. ಪರೀಕ್ಷೆ ಮುಗಿದ ಮೇಲೆ ಐ7. ಈ ಕ್ರಮ ಬೇಕಂತಲೇ ಇಟ್ಕೊಂಡಿದ್ದು, ಎಸ್‌ಎಂಪಿಎಸ್ ಯಾವಾಗ್ಲೂ ಗ್ರಾಫಿಕ್ಸ್ ಕಾರ್ಡಿಗಿಂತ ಒಂದು ಹೆಜ್ಜೆ ಮುಂದೆ ಬರ್ಬೇಕು. ಒಂದು ಕಂತು ಮುಗಿದಾಗ ಮತ್ತೆ ಆಫ್ಟರ್‌ಬರ್ನರ್ ಹಾಕಿ ಅಳೆದು ನೋಡ್ತಿದ್ವಿ, ಮುಂದಿನ ದುಡ್ಡು ಎಲ್ಲಿಗೆ ಹೋಗ್ಬೇಕು ಅಂತ ಅದೇ ಹೇಳ್ತಿತ್ತು. ಎಫ್‌ಎಸ್‌ಆರ್ (ಕಮ್ಮಿ ರೆಸಲ್ಯೂಶನ್‌ನಲ್ಲಿ ಚಿತ್ರ ಮಾಡಿ ಹಿಗ್ಗಿಸಿ ಎಫ್‌ಪಿಎಸ್ ಏರಿಸೋ ಸೌಲಭ್ಯ) ಇರೋ ಗೇಮಲ್ಲಿ ಅದನ್ನ ಕ್ವಾಲಿಟಿ ಮೋಡ್‌ನಲ್ಲಿ ಆನ್ ಮಾಡಿ, ಹೊಸ ಎಫ್‌ಎಸ್‌ಆರ್ 4 ಬಿಟ್ರೆ ಯಾವ ಕಂಪನಿ ಕಾರ್ಡ್ ಆದ್ರೂ ನಡೆಯತ್ತೆ, ಮುಂದಿನ ಕಂತಿನವರೆಗೂ ದಿನ ದೂಡ್ಬಹುದು.

ಬಿಚ್ಚಿದ ಹಳೆ ಪಾರ್ಟ್ ಏನ್ ಮಾಡೋದು?

ಹೊಸದು ಒಂದು ತಿಂಗಳು ಸರಿಯಾಗಿ ಓಡೋವರೆಗೂ ಮಾರ್ಬೇಡಿ, ಏನಾದ್ರೂ ಕೈಕೊಟ್ರೆ ಟೆಸ್ಟ್ ಮಾಡೋಕೆ ಬೇಕಾಗತ್ತೆ. ಆಮೇಲೆ ಮಾರಿ, ಇಟ್ಟಷ್ಟೂ ಬೆಲೆ ಬೀಳತ್ತೆ. ಹಾರ್ಡ್ ಡಿಸ್ಕ್ ಕೊಡೋದಾದ್ರೆ ಬರೀ ಡಿಲೀಟ್ ಮಾಡಿ ಕೊಡ್ಬೇಡಿ, ಕ್ವಿಕ್ ಫಾರ್ಮ್ಯಾಟ್ ಬಿಟ್ಟು ಪೂರ್ತಿ ಫಾರ್ಮ್ಯಾಟ್ ಮಾಡಿ, ಗಂಟೆಗಟ್ಟಲೆ ತಗೊಳ್ಳತ್ತೆ, ತಗೊಳ್ಳಲಿ. ನನ್ನ 1060 ಮಾರ್ಲಿಲ್ಲ, ಪಕ್ಕದ ಮನೆ ಪಿಯುಸಿ ಹುಡುಗನ ಪಿಸೀಲಿ ಈಗ ಓಡ್ತಿದೆ, ಅವನು ಮೊನ್ನೆ ಫೋನ್ ಮಾಡಿ ಜಿಪಿಯು 97 ತೋರಿಸ್ತಿದೆ ಅಣ್ಣ, ಸಿಪಿಯು 40 ಅಂದ.